ಪಾಸಾಯಿತು ಸರಿ, ಎಷ್ಟನೇ ಸಲಕ್ಕೆ?

ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ಬೆಳಗಿನ ಮೊದಲ ಕೆಲಸವೆಂದರೆ ಹಿಂದಿನ ರಾತ್ರಿಯ ಬಿಲ್ಡ್ ಏನಾಯಿತೆಂದು ನೋಡುವುದು. ಎಲ್ಲರೂ ಮಲಗಿದ್ದ ಹೊತ್ತಿನಲ್ಲಿ ಎಲ್ಲೋ ಒಂದು ಸರ್ವರ್ ನೂರಾರು ಪರೀಕ್ಷೆಗಳನ್ನು ತಾನಾಗಿ ಓಡಿಸಿ ಫಲಿತಾಂಶದ ಪಟ್ಟಿ ಇಟ್ಟಿರುತ್ತದೆ. ಪಟ್ಟಿ ಹಸಿರಾಗಿದ್ದರೆ ಕಾಫಿ, ಕೆಂಪಾಗಿದ್ದರೆ ಮೀಟಿಂಗ್. ಆ ಹಸಿರನ್ನು ಎಷ್ಟು ನಂಬಬಹುದು ಎನ್ನುವುದನ್ನು ಪರೀಕ್ಷೆ ಬರೆದವರ ಜಾಣತನ ಒಂದೇ ತೀರ್ಮಾನಿಸುವುದಿಲ್ಲ. ಪ್ರಾಜೆಕ್ಟಿನ ಮೂಲೆಯಲ್ಲಿರುವ ಸೆಟ್ಟಿಂಗ್ಸ್ ಕಡತವೊಂದಕ್ಕೆ ಅದರಲ್ಲಿ ದೊಡ್ಡ ಪಾಲಿದೆ. ಪ್ರಾಜೆಕ್ಟ್ ಶುರುವಾದ ದಿನ ಯಾರೋ ಅದನ್ನು ಬರೆದಿರುತ್ತಾರೆ. ಆಮೇಲೆ ಅದನ್ನು ತೆರೆಯುವುದು ಏನಾದರೂ ಕೆಟ್ಟಾಗ ಮಾತ್ರ, ಅದೂ ಹೆಚ್ಚಾಗಿ ಯಾವುದೋ ಅಂಕಿಯನ್ನು ಏರಿಸುವುದಕ್ಕೆ.

ಆ ಕಡತದಲ್ಲಿ ಎರಡು ಬಗೆಯ ಆಯ್ಕೆಗಳಿರುತ್ತವೆ. ಪರೀಕ್ಷೆಯನ್ನು ಹೇಗೆ ಓಡಿಸಬೇಕು, ಎಷ್ಟು ವೇಗವಾಗಿ, ಎಷ್ಟು ಹೊತ್ತು ಕಾಯಬೇಕು, ಸೋತರೆ ಮತ್ತೆಷ್ಟು ಸಲ ಪ್ರಯತ್ನಿಸಬೇಕು ಎನ್ನುವುದು ಒಂದು. ಇದು ಪ್ಲೇಬ್ಯಾಕ್. ಓಡುವಾಗ ಏನೇನು ಬರೆದಿಡಬೇಕು ಎನ್ನುವುದು ಇನ್ನೊಂದು. ಇದು ಲಾಗಿಂಗ್. ಇವೆರಡನ್ನೂ ಬೇರೆಬೇರೆಯಾಗಿ ಹೊಂದಿಸುವುದೇ ರೂಢಿ. ನನ್ನ ಲೆಕ್ಕದಲ್ಲಿ ತಪ್ಪು ಶುರುವಾಗುವುದು ಅಲ್ಲಿಂದಲೇ. ಪ್ಲೇಬ್ಯಾಕ್‌ನಲ್ಲಿ ಎಲ್ಲಿ ಸಡಿಲ ಬಿಟ್ಟಿದ್ದೇವೋ ಅಲ್ಲೆಲ್ಲ ಲಾಗ್‌ನಲ್ಲಿ ಒಂದು ಸಾಲು ಬೀಳಲೇಬೇಕು. ಬೀಳದಿದ್ದರೆ ಆ ಸಡಿಲಿಕೆ ಯಾರ ಕಣ್ಣಿಗೂ ಬೀಳದೆ ಉಳಿದುಬಿಡುತ್ತದೆ.

ಉದಾಹರಣೆಗೆ ಕರೆಂಟ್ ಬಿಲ್ ಕಟ್ಟುವ ಒಂದು ವೆಬ್ ಪುಟ ಇದೆ ಎಂದುಕೊಳ್ಳಿ. ಆರ್‌ಆರ್ ನಂಬರ್ ತುಂಬಬೇಕು, ‘ಬಿಲ್ ತೋರಿಸು’ ಗುಂಡಿ ಒತ್ತಬೇಕು, ಮೊತ್ತ ಬರಬೇಕು, ‘ಪಾವತಿಸು’ ಒತ್ತಿದರೆ ರಸೀದಿ ಬರಬೇಕು. ಪುಟದಲ್ಲಿ ಏನೇ ಬದಲಾದರೂ ಇಷ್ಟನ್ನೂ ಮತ್ತೆ ಮತ್ತೆ ಮಾಡಿ ನೋಡಬೇಕು. ಕೈಯಲ್ಲಿ ಮಾಡಿದರೆ ಬೇಸರ ಬರುತ್ತದೆ, ಬೇಸರ ಬಂದವರ ಕಣ್ಣು ತಪ್ಪುತ್ತದೆ. ಅದಕ್ಕೇ ಈ ಕೆಲಸವನ್ನು ಸ್ಕ್ರಿಪ್ಟ್‌ಗೆ ಒಪ್ಪಿಸುವುದು. ಹಳೆಯ ಕಾಲದ ವಿನ್‌ರನ್ನರ್‌ನಂಥ ಸಲಕರಣೆಗಳಲ್ಲಿ ನೀವು ಒಮ್ಮೆ ಮಾಡಿ ತೋರಿಸಿದರೆ ಸಾಕಿತ್ತು, ಅದು ರೆಕಾರ್ಡ್ ಮಾಡಿಕೊಂಡು ಬೇಕೆಂದಾಗ ಹಾಗೆಯೇ ನಡೆಸುತ್ತಿತ್ತು. ಪ್ಲೇಬ್ಯಾಕ್ ಎಂಬ ಮಾತು ಉಳಿದುಕೊಂಡಿರುವುದು ಆ ಕಾಲದಿಂದ. 2004ರಲ್ಲಿ ಶಿಕಾಗೋದ ಥಾಟ್‌ವರ್ಕ್ಸ್ ಕಚೇರಿಯಲ್ಲಿ ಜೇಸನ್ ಹಗಿನ್ಸ್ ಶುರುಮಾಡಿದ ಸೆಲೆನಿಯಂ ಬಂದ ಮೇಲೆ, ಮುಖ್ಯವಾಗಿ ವೆಬ್ ಪುಟಗಳ ಮಟ್ಟಿಗೆ, ರೆಕಾರ್ಡ್ ಮಾಡುವ ಬದಲು ಕೋಡ್ ಬರೆಯುವುದೇ ಹೆಚ್ಚಾಯಿತು. 2020ರಲ್ಲಿ ಮೈಕ್ರೋಸಾಫ್ಟ್ ಹೊರತಂದ ಪ್ಲೇರೈಟ್ ಈಗಿನ ಹುಡುಗರ ಮೆಚ್ಚಿನದು. ಸಲಕರಣೆ ಯಾವುದೇ ಇರಲಿ, ಸೆಟ್ಟಿಂಗ್ಸ್‌ನ ಪ್ರಶ್ನೆಗಳು ಹೆಚ್ಚು ಬದಲಾಗಿಲ್ಲ.

ಮೊದಲು ಬರುವುದು ವೇಗದ ತೊಂದರೆ. ಗುಂಡಿ ಒತ್ತಿದ ಮೇಲೆ ಮೊತ್ತ ಬರುವವರೆಗೆ ಮನುಷ್ಯ ತಾನಾಗಿ ಕಾಯುತ್ತಾನೆ. ಸ್ಕ್ರಿಪ್ಟ್ ಕಾಯುವುದಿಲ್ಲ. ಸರ್ವರ್ ಉತ್ತರ ಕೊಡುವ ಮೊದಲೇ ‘ಮೊತ್ತ ಎಲ್ಲಿ?’ ಎಂದು ನೋಡಿ, ಇಲ್ಲವೆಂದು ಫೇಲ್ ಮಾಡಿ ಮುಂದಕ್ಕೆ ಹೋಗುತ್ತದೆ. ಇದಕ್ಕೆ ಎಲ್ಲರಿಗೂ ಮೊದಲು ಹೊಳೆಯುವ ಉಪಾಯ ಸ್ಲೀಪ್: ಮೂರು ಸೆಕೆಂಡ್ ಸುಮ್ಮನೆ ನಿಲ್ಲು ಎಂದು ಸ್ಕ್ರಿಪ್ಟ್‌ಗೆ ಹೇಳುವುದು. ಒಂದು ಪರೀಕ್ಷೆಯಲ್ಲಿ ಇಂಥ ಐದು ಸ್ಲೀಪ್ ಇದ್ದು, ಒಟ್ಟು 400 ಪರೀಕ್ಷೆಗಳಿದ್ದರೆ 6,000 ಸೆಕೆಂಡ್, ಅಂದರೆ 100 ನಿಮಿಷ ಬರೀ ನಿಂತುಕೊಂಡೇ ಕಳೆಯಿತು. ಇಷ್ಟು ಮಾಡಿಯೂ ಸರ್ವರ್ ಒಂದು ದಿನ ನಾಲ್ಕನೇ ಸೆಕೆಂಡಿಗೆ ಉತ್ತರ ಕೊಟ್ಟರೆ ಪರೀಕ್ಷೆ ಫೇಲ್.

ಸರಿಯಾದ ದಾರಿ ಬೇರೆಯಿದೆ. ‘ಮೊತ್ತ ಕಾಣಿಸುವವರೆಗೆ ಕಾಯಿ, ಆದರೆ ಇಷ್ಟು ಸೆಕೆಂಡ್ ಮೀರಬೇಡ’ ಎನ್ನುವುದು ಅದು. ಸೆಲೆನಿಯಂನಲ್ಲಿ ಹೀಗೆ ಹೇಳಿದರೆ ಅದು ಅರ್ಧ ಸೆಕೆಂಡಿಗೊಮ್ಮೆ ಇಣುಕಿ ನೋಡುತ್ತದೆ. ಪ್ಲೇರೈಟ್ ಇನ್ನೂ ಮುಂದೆ ಹೋಗಿ, ಗುಂಡಿ ಒತ್ತುವ ಮೊದಲೇ ಅದು ಕಾಣುತ್ತಿದೆಯೇ, ಅಲುಗಾಡದೆ ನಿಂತಿದೆಯೇ, ಒತ್ತಲು ಬರುವ ಸ್ಥಿತಿಯಲ್ಲಿದೆಯೇ, ಮೇಲೆ ಬೇರೇನಾದರೂ ಬಂದು ಕೂತಿದೆಯೇ ಎಂದು ತಾನೇ ನೋಡಿಕೊಳ್ಳುತ್ತದೆ. ಸೆಲೆನಿಯಂನ ಬುಡದಲ್ಲಿರುವ ವೆಬ್‌ಡ್ರೈವರ್ 2018ರಲ್ಲಿ ವೆಬ್ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿಯ ಶಿಫಾರಸಾಯಿತು. ಅದರಲ್ಲಿ ಪುಟ ತೆರೆದುಕೊಳ್ಳಲು ಕೊಟ್ಟಿರುವ ಮೂಲ ಮಿತಿ 3,00,000 ಮಿಲಿಸೆಕೆಂಡ್, ಅಂದರೆ ಐದು ನಿಮಿಷ. ಪುಟದಲ್ಲಿ ಒಂದು ಗುಂಡಿಯನ್ನೋ ಪೆಟ್ಟಿಗೆಯನ್ನೋ ಹುಡುಕಲು ಕೊಟ್ಟಿರುವುದು ಸೊನ್ನೆ! ಹೊಸಬರು ಮೊದಲ ವಾರ ತಲೆ ಕೆಡಿಸಿಕೊಳ್ಳುವುದು ಈ ಸೊನ್ನೆಯಿಂದ. ಪ್ಲೇರೈಟ್‌ನಲ್ಲಿ ಇಡೀ ಪರೀಕ್ಷೆಗೆ 30 ಸೆಕೆಂಡ್, ಇರಬೇಕಾದ್ದು ಇದೆಯೇ ಎಂದು ನೋಡುವ ಒಂದು ತಾಳೆಗೆ 5 ಸೆಕೆಂಡ್. ಸೈಪ್ರೆಸ್ ಎಂಬ ಇನ್ನೊಂದು ಸಲಕರಣೆಯಲ್ಲಿ ಒಂದು ಆಜ್ಞೆಗೆ 4 ಸೆಕೆಂಡ್.

ಈ ಮಿತಿಗಳನ್ನು ಏರಿಸಿದರೆ ನಷ್ಟವೇನು, ಪಾಸಾಗುವ ಪರೀಕ್ಷೆ ಬೇಗ ಮುಗಿಯುತ್ತದಲ್ಲ ಎನ್ನಬಹುದು. ನಿಜ, ಪಾಸಾಗುವುದಕ್ಕೆ ಏನೂ ಆಗುವುದಿಲ್ಲ. ಬೆಲೆ ತೆರುವುದು ಫೇಲಾಗುವ ದಿನ. ಮಿತಿ 60 ಸೆಕೆಂಡ್ ಇದ್ದು, ಲಾಗಿನ್ ಒಂದೇ ಕೆಟ್ಟು 400 ಪರೀಕ್ಷೆಗಳೂ ಬಾಗಿಲಲ್ಲೇ ನಿಂತರೆ, ಒಂದಾದಮೇಲೊಂದು ಓಡುವಾಗ 400 ನಿಮಿಷ, ಆರೂ ಮುಕ್ಕಾಲು ಗಂಟೆಗೆ ಐದೇ ನಿಮಿಷ ಕಡಿಮೆ. ಪ್ರತಿಯೊಂದಕ್ಕೂ ಇನ್ನೆರಡು ಅವಕಾಶ ಕೊಟ್ಟಿದ್ದರೆ ಇಪ್ಪತ್ತು ಗಂಟೆ. ಬೆಳಿಗ್ಗೆ ಕೆಂಪು ಪಟ್ಟಿ ಕೂಡ ಸಿಗುವುದಿಲ್ಲ, ಬಿಲ್ಡ್ ಇನ್ನೂ ಓಡುತ್ತಲೇ ಇರುತ್ತದೆ. ಇಂತಿಷ್ಟು ಫೇಲಾದ ಮೇಲೆ ಓಟವನ್ನೇ ನಿಲ್ಲಿಸು ಎನ್ನುವ ಆಯ್ಕೆ ಪ್ಲೇರೈಟ್‌ನಲ್ಲಿದೆ. ಬಳಸುವವರು ಕಡಿಮೆ.

ಸಡಿಲಿಕೆಯನ್ನು ಬರೆದಿಡುವುದು ಹೇಗೆ ಎಂದು ನೋಡಲು ಒಂದು ಹಳೆಯ ಸಲಕರಣೆ ಒಳ್ಳೆಯ ಪಾಠ. ಐಬಿಎಂನ ರ‍್ಯಾಷನಲ್ ಫಂಕ್ಷನಲ್ ಟೆಸ್ಟರ್ ಬ್ಯಾಂಕು, ವಿಮಾ ಕಂಪನಿಗಳ ಕೆಲಸ ಮಾಡಿದವರಿಗೆ ಗೊತ್ತಿರುವ ಹೆಸರು. ಈಗಿನವರು ಇದನ್ನು ಕಂಡರೆ ಮೂಗು ಮುರಿಯುತ್ತಾರೆ. ಆದರೆ ಅದರ ಪ್ಲೇಬ್ಯಾಕ್ ಸೆಟ್ಟಿಂಗ್ಸ್‌ನಲ್ಲಿ ಸ್ಕ್ರಿಪ್ಟ್‌ಅಶ್ಯೂರ್ ಎಂಬ ಒಂದು ವಿಭಾಗವಿದೆ, ಅದರ ಹಿಂದಿನ ಯೋಚನೆ ಇಂದಿಗೂ ಗಟ್ಟಿ. ‘ಪಾವತಿಸು’ ಗುಂಡಿಯನ್ನು ಅದು ಒಂದೇ ಗುರುತಿನಿಂದ ಹುಡುಕುವುದಿಲ್ಲ. ಹೆಸರು, ಬಗೆ, ಜಾಗ ಹೀಗೆ ಹಲವು ಗುಣಗಳನ್ನು ನೆನಪಿಟ್ಟುಕೊಂಡು, ಒಂದೊಂದಕ್ಕೂ 0ಯಿಂದ 100ರ ಒಳಗೆ ಒಂದು ತೂಕ ಕೊಟ್ಟಿರುತ್ತದೆ. ಡೆವಲಪರ್ ಗುಂಡಿಯ ಹೆಸರು ಬದಲಾಯಿಸಿದ, ಆ ಗುಣದ ತೂಕ 90 ಎಂದಿಟ್ಟುಕೊಳ್ಳಿ. ಅದನ್ನು ನೂರರಿಂದ ಗುಣಿಸಿ 9,000 ದಂಡ. ದಂಡ ಸೊನ್ನೆಯಾದರೆ ಪಕ್ಕಾ ಅದೇ ಗುಂಡಿ. 10,000ದವರೆಗೆ ಪರವಾಗಿಲ್ಲ ಎಂದು ಒಪ್ಪಿಕೊಳ್ಳುತ್ತದೆ. ಹುಡುಕಿ ಹುಡುಕಿ ಸಮಯ ಮುಗಿಯುತ್ತ ಬಂದರೆ ಕೊನೆಯ ಅವಕಾಶ ಎಂದು 20,000ದವರೆಗೂ ಬಿಡುತ್ತದೆ. ಎರಡು ಗುಂಡಿಗಳು ಸಿಕ್ಕು ಅವುಗಳ ದಂಡದ ನಡುವಿನ ಅಂತರ 1,000ಕ್ಕಿಂತ ಕಡಿಮೆಯಿದ್ದರೆ ಯಾವುದೆಂದು ತಿಳಿಯುತ್ತಿಲ್ಲ ಎಂದು ನಿಂತುಬಿಡುತ್ತದೆ.

ಇಲ್ಲಿಯವರೆಗಿನದು ಪ್ಲೇಬ್ಯಾಕ್. ಮೆಚ್ಚಬೇಕಾದ್ದು ಮುಂದಿನ ಸಾಲು: ಒಪ್ಪಿಕೊಂಡ ದಂಡ 10,000 ಮೀರಿದ್ದರೆ ಲಾಗ್‌ನಲ್ಲಿ ಎಚ್ಚರಿಕೆ ಬರೆ. ಅಂದರೆ ಪರೀಕ್ಷೆಯನ್ನು ಗ್ರೇಸ್ ಮಾರ್ಕ್ಸ್ ಕೊಟ್ಟು ಪಾಸು ಮಾಡಿದ್ದೇನೆ, ಅದನ್ನು ಅಂಕಪಟ್ಟಿಯಲ್ಲೇ ನಮೂದಿಸಿದ್ದೇನೆ ಎಂದ ಹಾಗೆ. ಸಡಿಲ ಬಿಟ್ಟ ಕೈಯೇ ಅದನ್ನು ದಾಖಲಿಸುತ್ತದೆ. ದುರದೃಷ್ಟಕ್ಕೆ ಈ ಎಚ್ಚರಿಕೆಯ ಮಿತಿ ಕೂಡ ಬದಲಾಯಿಸಬಹುದಾದ ಒಂದು ಅಂಕಿ. ಲಾಗ್ ತುಂಬ ಹಳದಿ ಸಾಲುಗಳು ಬರುತ್ತಿವೆ, ಕ್ಲೈಂಟ್ ಕೇಳುತ್ತಾರೆ ಎಂದು ಯಾರಾದರೂ ಅದನ್ನು 20,000ಕ್ಕೆ ಏರಿಸಿದರೆ ಎಚ್ಚರಿಕೆಗಳು ನಿಂತುಹೋಗುತ್ತವೆ, ಗುಂಡಿಯ ಗುರುತು ತಪ್ಪಿರುವುದು ಮಾತ್ರ ಹಾಗೇ ಉಳಿಯುತ್ತದೆ. ಅದೇ ಸಲಕರಣೆಯಲ್ಲಿ ‘ತಾಳೆ ನೋಡುವ ಹಂತಗಳನ್ನು ಬಿಟ್ಟುಬಿಡು’ ಎನ್ನುವ ಆಯ್ಕೆಯೂ ಇದೆ. ಸ್ಕ್ರಿಪ್ಟ್ ಮೊದಲಿನಿಂದ ಕೊನೆಯವರೆಗೆ ಓಡುತ್ತದೆಯೇ ಎಂದು ನೋಡಲು ಅದು ಅನುಕೂಲ. ನೋಡಿದ ಮೇಲೆ ತೆಗೆಯಲು ಮರೆತರೆ, ಏನನ್ನೂ ಪರೀಕ್ಷಿಸದೆ ಪಾಸಾಗುವ ಪರೀಕ್ಷೆ ನಿಮ್ಮ ಕೈಯಲ್ಲಿರುತ್ತದೆ.

ಈಗಿನ ಸಲಕರಣೆಗಳಲ್ಲಿ ಈ ಗ್ರೇಸ್ ಮಾರ್ಕ್ಸ್‌ನ ಜಾಗಕ್ಕೆ ಬಂದಿರುವುದು ರಿಟ್ರೈ. ಫೇಲಾದರೆ ಇನ್ನೊಮ್ಮೆ ಓಡಿಸು, ಮತ್ತೂ ಫೇಲಾದರೆ ಮತ್ತೊಮ್ಮೆ. ಇದಕ್ಕೆ ಕಾರಣವಿಲ್ಲದೆ ಇಲ್ಲ. ಕೋಡಿನಲ್ಲಿ ಏನೂ ಬದಲಾಗದಿದ್ದರೂ ಒಮ್ಮೆ ಪಾಸಾಗಿ ಒಮ್ಮೆ ಫೇಲಾಗುವ ‘ಫ್ಲೇಕಿ’ ಪರೀಕ್ಷೆಗಳು ಎಲ್ಲ ಕಡೆಯೂ ಇವೆ. ಗೂಗಲ್ 2016ರಲ್ಲಿ ತನ್ನದೇ ಲೆಕ್ಕ ಹೊರಗಿಟ್ಟಿತ್ತು: ಅಲ್ಲಿನ ಪರೀಕ್ಷೆಗಳ ಪೈಕಿ ಸುಮಾರು ಶೇ 16ರಷ್ಟರಲ್ಲಿ ಒಂದಿಷ್ಟಾದರೂ ಈ ಚಾಳಿ ಇತ್ತು, ಪಾಸಾಗುತ್ತಿದ್ದದ್ದು ಫೇಲಿಗೆ ತಿರುಗಿದ ಸಂದರ್ಭಗಳಲ್ಲಿ ಸುಮಾರು ಶೇ 84ರಷ್ಟಕ್ಕೆ ಫ್ಲೇಕಿ ಪರೀಕ್ಷೆಯ ನಂಟಿತ್ತು. ಅಂಥ ಕಂಪನಿಯಲ್ಲೇ ಹೀಗಿದ್ದಾಗ ರಿಟ್ರೈ ಹಾಕಬೇಡಿ ಎಂದು ಯಾರಿಗೂ ಹೇಳಲಾಗದು.

ಆದರೆ ಲೆಕ್ಕ ಹಾಕಿ ನೋಡಿ. ನಮ್ಮ ಬಿಲ್ ಪುಟದಲ್ಲಿ ನಿಜವಾದ ದೋಷವೊಂದಿದೆ, ಹತ್ತು ಸಲ ಒತ್ತಿದರೆ ಮೂರು ಸಲ ರಸೀದಿ ಬರುವುದಿಲ್ಲ. ಪರೀಕ್ಷೆಗೆ ಎರಡು ರಿಟ್ರೈ ಕೊಟ್ಟಿದ್ದೀರಿ. ಪಟ್ಟಿಯಲ್ಲಿ ಕೆಂಪು ಕಾಣಬೇಕಾದರೆ ಅದು ಸತತ ಮೂರು ಸಲ ಸೋಲಬೇಕು. 0.3ನ್ನು ಮೂರು ಸಲ ಗುಣಿಸಿದರೆ 0.027. ಹತ್ತರಲ್ಲಿ ಮೂವರು ಗ್ರಾಹಕರಿಗೆ ಕಾಡುವ ದೋಷ ನಿಮ್ಮ ನೂರು ರಾತ್ರಿಗಳಲ್ಲಿ ಮೂರು ರಾತ್ರಿಯೂ ಕೆಂಪಾಗಿ ಕಾಣುವುದಿಲ್ಲ. ಹೀಗೆ ರಿಟ್ರೈಯಲ್ಲಿ ಗೆದ್ದದ್ದನ್ನು ಪ್ಲೇರೈಟ್ ಪಾಸು ಎನ್ನುವುದಿಲ್ಲ, ವರದಿಯಲ್ಲಿ ‘ಫ್ಲೇಕಿ’ ಎಂದು ಬೇರೆ ಮಾಡಿ ತೋರಿಸುತ್ತದೆ. ಆದರೂ ಒಟ್ಟು ಓಟವನ್ನು ಯಶಸ್ವಿ ಎಂದೇ ಸಿಸ್ಟಮ್‌ಗೆ ತಿಳಿಸುತ್ತದೆ. ಬೇರೆ ಸ್ವಿಚ್ ಹಾಕದಿದ್ದರೆ ಮ್ಯಾನೇಜರ್ ನೋಡುವ ಹಲಗೆಯ ಮೇಲೆ ಬರುವುದು ಹಸಿರೇ.

ಲಾಗಿಂಗ್ ಸೆಟ್ಟಿಂಗ್ ಈ ಪ್ಲೇಬ್ಯಾಕ್ ಸೆಟ್ಟಿಂಗ್‌ಗೆ ಡಿಕ್ಕಿ ಹೊಡೆಯುವುದು ಇಲ್ಲಿಯೇ. ಟ್ರೇಸ್ ಎಂಬುದು ಪ್ಲೇರೈಟ್‌ನ ಅತ್ಯುತ್ತಮ ಸೌಲಭ್ಯ. ಪ್ರತಿ ಹೆಜ್ಜೆಗೂ ಮುಂಚೆ, ಆಮೇಲೆ ಪುಟ ಹೇಗಿತ್ತು, ಸರ್ವರ್‌ಗೆ ಏನು ಹೋಯಿತು, ಏನು ಬಂತು, ಎಲ್ಲವನ್ನೂ ಒಂದು ಜಿಪ್ ಕಡತದಲ್ಲಿ ಕಟ್ಟಿಡುತ್ತದೆ. ಹೊಸ ಪ್ರಾಜೆಕ್ಟ್ ಶುರುಮಾಡಿದಾಗ ಅದು ತಾನೇ ಬರೆದುಕೊಡುವ ಸೆಟ್ಟಿಂಗ್ಸ್ ಕಡತದಲ್ಲಿ ಎರಡು ಸಾಲುಗಳಿರುತ್ತವೆ. ಬಿಲ್ಡ್ ಸರ್ವರ್‌ನಲ್ಲಿ ಓಡುವಾಗ ಎರಡು ರಿಟ್ರೈ, ಮತ್ತು ಟ್ರೇಸ್ ‘ಆನ್-ಫಸ್ಟ್-ರಿಟ್ರೈ’. ಎರಡನೆಯದನ್ನು ಇನ್ನೊಮ್ಮೆ ಓದಿ. ಟ್ರೇಸ್ ದಾಖಲಾಗುವುದು ಮೊದಲ ಓಟದಲ್ಲಿ ಅಲ್ಲ, ಅದು ಸೋತ ಮೇಲಿನ ಎರಡನೇ ಓಟದಲ್ಲಿ. ಪ್ರತಿ ಸಲವೂ ಸೋಲುವ ಪರೀಕ್ಷೆಗೆ ಇದು ಸಾಕು, ಎರಡನೇ ಸಲವೂ ಅದು ಅಲ್ಲೇ ಸೋಲುತ್ತದೆ. ಫ್ಲೇಕಿ ಪರೀಕ್ಷೆಯ ಕತೆ ಬೇರೆ. ಮೊದಲ ಸಲ ಸೋತಿತು, ಟ್ರೇಸ್ ಇಲ್ಲ. ಎರಡನೇ ಸಲ ಗೆದ್ದಿತು, ಟ್ರೇಸ್ ಇದೆ. ಬೆಳಿಗ್ಗೆ ಬಂದು ತೆರೆದರೆ ಎಲ್ಲವೂ ಸರಿಯಾಗಿ ನಡೆದ ಓಟದ ವಿವರವಾದ ದಾಖಲೆ ಸಿಗುತ್ತದೆ. ರಿಟ್ರೈ ಸಾಲು ಮುಚ್ಚಿಟ್ಟಿದ್ದನ್ನು ಟ್ರೇಸ್ ಸಾಲು ತೆರೆದು ತೋರಿಸುವುದಿಲ್ಲ.

ಪರಿಹಾರ ಒಂದೇ ಪದದ ಬದಲಾವಣೆ. ‘ರಿಟೇನ್-ಆನ್-ಫೇಲ್ಯೂರ್’ ಎಂದಿಟ್ಟರೆ ಪ್ರತಿ ಓಟವನ್ನೂ ದಾಖಲಿಸಿಕೊಂಡು, ಗೆದ್ದವುಗಳ ದಾಖಲೆ ಅಳಿಸಿ, ಸೋತವುಗಳದ್ದನ್ನು ಉಳಿಸುತ್ತದೆ. ಓಟ ಸ್ವಲ್ಪ ನಿಧಾನವಾಗುತ್ತದೆ, ಸರ್ವರ್‌ನ ಬಿಲ್ಲೂ ತುಸು ಏರಬಹುದು. ಮೊದಲ ಸೋಲಿನ ಸಾಕ್ಷಿ ಬೇಕೆಂದರೆ ಇಷ್ಟು ಕೊಡಲೇಬೇಕು ಎಂಬುದು ನನ್ನ ಅಭಿಪ್ರಾಯ. ಓಟವನ್ನು ವಿಡಿಯೊ ಮಾಡಿಡುವ ವಿಷಯದಲ್ಲಿ ಇಷ್ಟು ಧಾರಾಳ ಬೇಡ. ಗುಂಡಿ ಒತ್ತಿದ್ದು ವಿಡಿಯೊದಲ್ಲಿ ಕಾಣುತ್ತದೆ, ಸರ್ವರ್ ಏನು ಹೇಳಿತೆಂದು ಕಾಣುವುದಿಲ್ಲ. ಸೈಪ್ರೆಸ್ ಕೂಡ 2023ರ 13ನೇ ಆವೃತ್ತಿಯಿಂದ ವಿಡಿಯೊವನ್ನು ಮೂಲ ಸೆಟ್ಟಿಂಗ್‌ನಲ್ಲಿ ಆಫ್ ಮಾಡಿತು. ಇನ್ನೊಂದು ಮಾತು, ಪ್ಲೇರೈಟ್ ಹೊಸ ಓಟ ಶುರುವಾದ ಕೂಡಲೇ ಹಿಂದಿನ ಓಟದ ಫಲಿತಾಂಶದ ಫೋಲ್ಡರ್ ಖಾಲಿ ಮಾಡುತ್ತದೆ. ಬೇರೆ ಕಡೆ ಎತ್ತಿಡದಿದ್ದರೆ ನಿನ್ನೆಯ ಟ್ರೇಸ್ ಇವತ್ತಿಗಿಲ್ಲ.

ಇನ್ನು ಲಾಗ್ ಸಾಲು. ‘ಎಲಿಮೆಂಟ್ ಸಿಗಲಿಲ್ಲ’ ಎಂದಷ್ಟೇ ಬರೆದ ಲಾಗ್ ಯಾರಿಗೂ ಉಪಯೋಗವಿಲ್ಲ. ಯಾವ ಹಂತ, ಯಾವುದನ್ನು ಹುಡುಕುತ್ತಿತ್ತು, ಎಷ್ಟು ಸೆಕೆಂಡ್ ಕಾದಿತು, ಇದು ಎಷ್ಟನೇ ಪ್ರಯತ್ನ, ಯಾವ ಬಿಲ್ಡ್ ಎಂಬಿಷ್ಟು ಒಂದೇ ಸಾಲಿನಲ್ಲಿರಬೇಕು. ಪಾಸಾದ ಹಂತಕ್ಕೂ ಕಾದ ಸಮಯ ಬರೆಯಿಸಿ. ಐದು ಸೆಕೆಂಡಿನ ಮಿತಿಯಲ್ಲಿ 4.8 ಸೆಕೆಂಡಿಗೆ ಪಾಸಾಗುತ್ತಿರುವ ಹಂತ ನಾಳೆಯೋ ನಾಡಿದ್ದೋ ಬೀಳುತ್ತದೆ, ಇವತ್ತೇ ತಿಳಿದರೆ ಒಳ್ಳೆಯದು. ಹಾಗೆಂದು ಎಲ್ಲವನ್ನೂ ಡೀಬಗ್ ಮಟ್ಟದಲ್ಲಿ ಸುರಿಯುವುದೂ ತಪ್ಪು. ಸಾವಿರಾರು ಸಾಲುಗಳಲ್ಲಿ ಬೇಕಾದ ಸಾಲು ಹುಡುಕುವವರು ಕೊನೆಗೆ ಹುಡುಕುವುದನ್ನೇ ಬಿಡುತ್ತಾರೆ.

ಕನ್ನಡದ ಪುಟಗಳನ್ನು ಪರೀಕ್ಷಿಸುವವರಿಗೆ ಪಾಠ ಇನ್ನೂ ಇದೆ. ನಮ್ಮ ಬಿಲ್ ಪುಟದಲ್ಲಿ ಜಿಲ್ಲೆಯ ಹೆಸರಿದೆ ಎಂದಿಟ್ಟುಕೊಳ್ಳಿ. ಲಾಗ್ ಹೀಗೆ ಹೇಳುತ್ತದೆ: ಇರಬೇಕಾದ್ದು ‘ಕೊಡಗು’, ಇರುವುದು ‘ಕೊಡಗು’, ಫಲಿತಾಂಶ ಫೇಲ್. ಎಷ್ಟು ದಿಟ್ಟಿಸಿದರೂ ಕಣ್ಣಿಗೆ ವ್ಯತ್ಯಾಸ ಸಿಗದು. ಯೂನಿಕೋಡ್‌ನಲ್ಲಿ ಕೊ ಅಕ್ಷರದ ಒಕಾರವನ್ನು ಒಂದೇ ಚಿಹ್ನೆಯಾಗಿಯೂ ಇಡಬಹುದು, ಎಕಾರದ ಚಿಹ್ನೆಯ ಮುಂದೆ ಊಕಾರದ ಚಿಹ್ನೆ ಸೇರಿಸಿ ಎರಡಾಗಿಯೂ ಇಡಬಹುದು. ತೆರೆಯ ಮೇಲೆ ಎರಡೂ ಒಂದೇ, ಕಂಪ್ಯೂಟರ್‌ಗೆ ಬೇರೆ ಬೇರೆ. ಪದದ ಕೊನೆಯ ಅರ್ಧಾಕ್ಷರದ ನಂತರ ಉಳಿದುಬಿಡುವ ಅಗಲವಿಲ್ಲದ ಅಕ್ಷರವೂ ಹೀಗೇ ಆಟವಾಡಿಸುತ್ತದೆ. ಆದ್ದರಿಂದ ಕನ್ನಡ ಪಠ್ಯ ತಾಳೆಯಾಗದಿದ್ದಾಗ ಅಕ್ಷರಗಳ ಜೊತೆಗೆ ಅವುಗಳ ಯೂನಿಕೋಡ್ ಸಂಖ್ಯೆಯನ್ನೂ ಲಾಗ್‌ನಲ್ಲಿ ಬರೆಯಿಸಬೇಕು. ಹೋಲಿಸುವ ಮೊದಲು ಎರಡನ್ನೂ ಎನ್‌ಎಫ್‌ಸಿ ಎಂಬ ಒಂದೇ ಬಗೆಯ ಯೂನಿಕೋಡ್ ರೂಪಕ್ಕೆ ತಂದರೆ ಒಕಾರದ ತಕರಾರು ಮುಗಿಯುತ್ತದೆ ನಿಜ. ಆದರೆ ಅದೂ ಒಂದು ಸಡಿಲಿಕೆಯೇ. ಡೇಟಾಬೇಸ್‌ನಲ್ಲಿ ಎರಡು ಚಿಹ್ನೆಯ ‘ಕೊಡಗು’ ಇದ್ದು, ಗ್ರಾಹಕರು ಒಂದು ಚಿಹ್ನೆಯ ‘ಕೊಡಗು’ ಟೈಪ್ ಮಾಡಿದರೆ ಹುಡುಕಾಟದಲ್ಲಿ ಏನೂ ಸಿಗದಿರಬಹುದು. ಪರೀಕ್ಷೆ ಪಾಸಾಗಲಿ, ರೂಪ ಬದಲಿಸಿ ಪಾಸು ಮಾಡಿದ್ದೇನೆ ಎಂದು ಲಾಗ್‌ನಲ್ಲಿ ಬೀಳಲಿ.

ಸ್ಕ್ರೀನ್‌ಶಾಟ್‌ನ ಪಾಡೂ ಇದೇ. ಪರೀಕ್ಷೆ ಓಡುವ ಲಿನಕ್ಸ್ ಕಂಟೇನರ್‌ನಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೆ ಚಿತ್ರದ ತುಂಬ ಖಾಲಿ ಚೌಕಗಳೇ. ನೋಟೊ ಸಾನ್ಸ್ ಕನ್ನಡವನ್ನೋ ಇನ್ನೊಂದನ್ನೋ ಅದರಲ್ಲಿ ಮೊದಲೇ ಹಾಕಿಟ್ಟಿರಬೇಕು. ಗಡಿಯಾರದ್ದು ಇನ್ನೊಂದು ತರಲೆ. ಕಂಟೇನರ್‌ಗಳು ಸಾಮಾನ್ಯವಾಗಿ ಯುಟಿಸಿಯಲ್ಲಿರುತ್ತವೆ, ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ. ರಾತ್ರಿ ಎರಡಕ್ಕೆ ಓಡುವ ಬಿಲ್ಡ್‌ಗೆ ತಾರೀಖು ಇನ್ನೂ ನಿನ್ನೆಯದು. ‘ಇಂದು ಕೊನೆಯ ದಿನ’ ಎಂದು ತೋರಿಸಬೇಕಾದ ಪರೀಕ್ಷೆ ರಾತ್ರಿಯಿಡೀ ಸೋತು, ಹನ್ನೊಂದಕ್ಕೆ ಡೆವಲಪರ್ ಓಡಿಸಿದಾಗ ಗೆಲ್ಲುತ್ತದೆ. ಆಮೇಲೆ ‘ನನ್ನ ಮೆಷಿನ್‌ನಲ್ಲಿ ಸರಿಯಿದೆ’ ಎಂಬ ಹಳೆಯ ಜಗಳ. ಪ್ಲೇಬ್ಯಾಕ್ ಸೆಟ್ಟಿಂಗ್‌ನಲ್ಲಿ ಟೈಮ್‌ಝೋನ್ ಏಷ್ಯಾ/ಕೋಲ್ಕತಾ ಎಂದು ಬರೆಯುವುದು ಒಂದು ಸಾಲಿನ ಕೆಲಸ. ಲಾಗ್‌ನ ಪ್ರತಿ ಸಮಯದ ಮುಂದೆ ಅದು ಯಾವ ವಲಯದ್ದೆಂದು ಬರೆಯಿಸುವುದು ಇನ್ನೊಂದು ಸಾಲು.

ಹೆಚ್ಚು ಬರೆದಿಟ್ಟಷ್ಟೂ ಅಪಾಯವೂ ಹೆಚ್ಚು ಎಂಬುದನ್ನು ಹೇಳದಿದ್ದರೆ ಅರ್ಧ ಹೇಳಿದ ಹಾಗೆ. 2018ರ ಮೇ ತಿಂಗಳಲ್ಲಿ ಟ್ವಿಟರ್ ತನ್ನ 33 ಕೋಟಿ ಬಳಕೆದಾರರಿಗೆ ಪಾಸ್‌ವರ್ಡ್ ಬದಲಿಸಿಕೊಳ್ಳಲು ಹೇಳಿತು. ಯಾರೂ ಕದ್ದ ಸುಳಿವಿರಲಿಲ್ಲ. ಪಾಸ್‌ವರ್ಡ್‌ಗಳು ಗೂಢರೂಪಕ್ಕೆ ಹೋಗುವ ಮೊದಲೇ ಒಳಗಿನ ಒಂದು ಲಾಗ್‌ನಲ್ಲಿ ಇದ್ದ ಹಾಗೆ ದಾಖಲಾಗುತ್ತಿದ್ದವು. ಅದು ಗ್ರಾಹಕರು ಬಳಸುವ ವ್ಯವಸ್ಥೆಯ ಲಾಗ್. ಪರೀಕ್ಷೆಯ ಲಾಗ್ ಇನ್ನೂ ಸಡಿಲ, ಏಕೆಂದರೆ ಅದನ್ನು ಯಾರೂ ಗುಟ್ಟೆಂದು ಭಾವಿಸುವುದಿಲ್ಲ, ಚಾಟ್‌ನಲ್ಲಿ ಕಳಿಸುತ್ತಾರೆ, ಮೇಲ್‌ಗೆ ಅಂಟಿಸುತ್ತಾರೆ. ಟ್ರೇಸ್ ಕಡತದಲ್ಲಿ ಫಾರ್ಮ್‌ಗೆ ತುಂಬಿದ ಪಾಸ್‌ವರ್ಡ್, ಲಾಗಿನ್ ಆದ ಮೇಲಿನ ಟೋಕನ್ ಎಲ್ಲ ಇರುತ್ತವೆ. ಸೈಪ್ರೆಸ್‌ನಲ್ಲಿ ಟೈಪ್ ಮಾಡುವ ಆಜ್ಞೆಗೆ ‘ಲಾಗ್ ಮಾಡಬೇಡ’ ಎಂದು ಹೇಳಬಹುದು, ಬಿಲ್ಡ್ ಓಡಿಸುವ ಜೆಂಕಿನ್ಸ್ ತನಗೆ ಒಪ್ಪಿಸಿದ ಗುಟ್ಟುಗಳನ್ನು ನಕ್ಷತ್ರಗಳಿಂದ ಮುಚ್ಚುತ್ತದೆ. ಇವೆಲ್ಲಕ್ಕಿಂತ ಸುಲಭದ್ದು, ನಿಜವಾದ ಗ್ರಾಹಕರ ಹೆಸರು, ಫೋನ್ ನಂಬರ್, ಆರ್‌ಆರ್ ನಂಬರ್‌ಗಳನ್ನು ಪರೀಕ್ಷೆಗೆ ಬಳಸದೇ ಇರುವುದು.

ಈ ಕ್ಷೇತ್ರದಲ್ಲಿ ಕೆಲಸ ಮಾಡುವ ಓದುಗರಲ್ಲಿ ಒಂದು ಕೋರಿಕೆ. ನಾಳೆ ಕಚೇರಿಗೆ ಹೋದಾಗ ನಿಮ್ಮ ತಂಡದ ಸೆಟ್ಟಿಂಗ್ಸ್ ಕಡತ ತೆರೆದು ರಿಟ್ರೈ ಎಷ್ಟಿದೆ, ಕಾಯುವ ಮಿತಿ ಅಂದರೆ ಟೈಮ್‌ಔಟ್ ಎಷ್ಟಿದೆ, ಅವನ್ನು ಯಾರು ಯಾವಾಗ ಏರಿಸಿದರು ಎಂದು ನೋಡಿ. ಆಮೇಲೆ ಕಳೆದ ವಾರ ಎರಡನೇ ಅಥವಾ ಮೂರನೇ ಸಲಕ್ಕೆ ಪಾಸಾದ ಪರೀಕ್ಷೆಗಳ ಪಟ್ಟಿ ಕೊಡಿ ಎಂದು ಕೇಳಿ. ಪಟ್ಟಿ ಸಿಕ್ಕರೆ ಅದರಲ್ಲಿ ಮೊದಲನೆಯದನ್ನು ಸರಿಪಡಿಸಲು ಕೂತುಕೊಳ್ಳಿ. ಅಂಥ ಪಟ್ಟಿಯೇ ಇಲ್ಲ ಎಂದರೆ ಮೊದಲು ಲಾಗಿಂಗ್ ಸರಿಮಾಡಿ.